ಹೂವಿಗಿಂತ ಮೊದಲು ಮಣ್ಣು: ಪಿಸ್ಸಾರೋ ಅವರ ವಸಂತ

ನಮಸ್ಕಾರ. ಸ್ಕ್ರೀನ್ ಮೇಲಿರುವ ಈ ಚಿತ್ರವನ್ನು ಸ್ವಲ್ಪ ಹೊತ್ತು ಸುಮ್ನೆ ನೋಡಿ. ನಾನೂ ಮಾತಾಡುವುದಿಲ್ಲ.

ಆಯ್ತಾ? ಇದು ಫ್ರಾನ್ಸಿನಲ್ಲಿದ್ದ ಚಿತ್ರಕಾರ ಕಮೀಲ್ ಪಿಸ್ಸಾರೋ ಅವರು 1872ರಲ್ಲಿ ಬರೆದ ಚಿತ್ರ. ಹೆಸರು 'ಹೂಬಿಟ್ಟ ತೋಟ, ಲೂವ್ಸಿಯೆನ್'. ಲೂವ್ಸಿಯೆನ್ ಪ್ಯಾರಿಸ್ಸಿನ ಪಶ್ಚಿಮಕ್ಕಿರುವ ಊರು. ಚಿತ್ರ ಈಗ ವಾಷಿಂಗ್ಟನ್ನಿನ ನ್ಯಾಷನಲ್ ಗ್ಯಾಲರಿ ಆಫ್ ಆರ್ಟ್‌ನಲ್ಲಿದೆ. ಸುಮಾರು 55 ಸೆಂಟಿಮೀಟರ್ ಅಗಲ, 45 ಸೆಂಟಿಮೀಟರ್ ಎತ್ತರ, ಅಷ್ಟೇ. ಕಂಕುಳಲ್ಲಿ ಇಟ್ಟುಕೊಂಡು ತೋಟಕ್ಕೆ ನಡೆದು ಹೋಗಬಹುದಾದ ಅಳತೆ.

ಮೊದಲು ಕಣ್ಣಿಗೆ ಬೀಳುವುದು ಹೂವೇ, ಅಲ್ವಾ? ಮೈತುಂಬ ಬಿಳಿ ಹೂ ಹೊತ್ತ ಹಣ್ಣಿನ ಮರಗಳು. ಮೇಲೆ ನೀಲಿ ಆಕಾಶ, ಅಲ್ಲಲ್ಲಿ ಬೆಳ್ಳಗಿನ ಮೋಡ. ಈಗ ಹೂವಿನ ಹತ್ತಿರಕ್ಕೆ ಝೂಮ್ ಮಾಡ್ತೀನಿ. ಇನ್ನೂ ಹತ್ತಿರ. ಎಲ್ಲಿದೆ ಹೂವು? ಒಂದು ಎಸಳೂ ಇಲ್ಲ. ಬರೀ ಬಣ್ಣದ ಚುಕ್ಕೆಗಳು. ಕುಂಚ ತಾಗಿಸಿದ್ದಾರೆ, ಎತ್ತಿದ್ದಾರೆ, ಪಕ್ಕದಲ್ಲಿ ಮತ್ತೆ ತಾಗಿಸಿದ್ದಾರೆ. ಕೊಂಬೆಗಳ ಸಂದಿಯಲ್ಲಿ ಆಕಾಶ ಇಣುಕುತ್ತದೆ. ಆ ಚುಕ್ಕೆಗಳನ್ನು ಹೂವು ಮಾಡುವ ಕೆಲಸ ನಮ್ಮ ಕಣ್ಣಿಗೆ ಬಿಟ್ಟಿದ್ದು. ನಾಲ್ಕು ಹೆಜ್ಜೆ ಹಿಂದೆ ಸರಿದರೆ ಮರ ಹೂಬಿಡುತ್ತದೆ.

ಇದಕ್ಕೆ ಒಂದು ಕಾರಣ ಬಹಳ ಸರಳ. ಹಣ್ಣಿನ ಮರದ ಹೂವು ಒಂದೆರಡು ವಾರಕ್ಕಿಂತ ಜಾಸ್ತಿ ನಿಲ್ಲುವುದಿಲ್ಲ. ಜೋರು ಗಾಳಿ ಬಂದರೆ ಅದೂ ಇಲ್ಲ. ಎಸಳು ಎಣಿಸುತ್ತಾ ಕೂತರೆ ಬೆಳಕು ಬದಲಾಗುತ್ತದೆ, ಹೂವು ಉದುರುತ್ತದೆ. ಟ್ಯೂಬಿನಲ್ಲಿ ತುಂಬಿದ ಬಣ್ಣ 1840ರ ದಶಕದಲ್ಲೇ ಬಂದಿತ್ತು. ಅದರಿಂದಾಗಿ ಬಣ್ಣ, ಕ್ಯಾನ್ವಾಸ್ ಎಲ್ಲಾ ಎತ್ತಿಕೊಂಡು ಬಯಲಿಗೆ ಹೋಗುವುದು ಸುಲಭವಾಯಿತು. ಇಷ್ಟು ಹೇಳಿದರೆ ಹೇಗೆ ಬರೆದರು ಎನ್ನುವುದು ಗೊತ್ತಾಗುತ್ತದೆ. ಏನು ಬರೆದರು ಎನ್ನುವುದು ನನಗೆ ಅದಕ್ಕಿಂತ ಮುಖ್ಯ.

ಅದಕ್ಕೆ ಕಣ್ಣು ಕೆಳಗಿಳಿಸಬೇಕು. ಹೂವು ಬಿಡಿ, ನೆಲ ನೋಡಿ. ಆಗಷ್ಟೇ ಅಗೆದು ಮಗುಚಿದ ಮಣ್ಣು. ಹೂವಿನ ಚಿತ್ರ ಎಂದ ಮೇಲೆ ಇಷ್ಟೊಂದು ಮಣ್ಣು ಯಾಕೆ? ಅಲ್ಲಿ ಇಬ್ಬರಿದ್ದಾರೆ, ಒಬ್ಬ ಗಂಡಸು, ಒಬ್ಬ ಹೆಂಗಸು. ತುಂಬಾ ಚಿಕ್ಕದಾಗಿ ಕಾಣುತ್ತಾರೆ. ಅವರು ವಿಹಾರಕ್ಕೆ ಬಂದವರಲ್ಲ, ತೋಟದ ಕೆಲಸಕ್ಕೆ ಬಂದವರು. ಪಿಸ್ಸಾರೋ ಇಂಪ್ರೆಷನಿಸ್ಟರ ಗುಂಪಿನವರು, ಅಂದರೆ ಬದಲಾಗುವ ಬೆಳಕನ್ನು ಹೀಗೆ ಬಿಡಿ ಬಿಡಿ ಬಣ್ಣದಲ್ಲಿ ಹಿಡಿದ ಚಿತ್ರಕಾರರು. ಆ ಗುಂಪಿನ ವಸಂತದಲ್ಲಿ ಬಿಳಿ ಗೌನು, ಕೊಡೆ, ಹುಲ್ಲಿನ ಮೇಲೆ ಕೂತ ಹೆಂಗಸರು ಬೇಕಾದಷ್ಟು ಸಿಗುತ್ತಾರೆ. ಇಲ್ಲಿ ಅವರ ಸುಳಿವೇ ಇಲ್ಲ.

ನಾನು ಈ ಚಿತ್ರವನ್ನು ಓದುವುದು ಹೀಗೆ. ಇಲ್ಲಿ ಹೂವು ಅಲಂಕಾರ ಅಲ್ಲ, ಫಸಲಿನ ಮೊದಲ ಲೆಕ್ಕ. ಹೂವು ಕಾಯಿ ಕಟ್ಟಿದರೆ ಆ ಮನೆಗೆ ಹಣ್ಣು, ಹಣ್ಣು ಬಂದರೆ ದುಡ್ಡು. ಚಿಕ್ಕಮಗಳೂರು, ಕೊಡಗಿನ ತೋಟದವರು ಹೂಮಳೆ ಬಿದ್ದ ಮೇಲೆ ಕಾಫಿ ಗಿಡದ ಬಿಳಿ ಹೂವನ್ನು ನೋಡುವ ಕಣ್ಣಿದೆಯಲ್ಲ, ಇದನ್ನು ಆ ಕಣ್ಣಿನಿಂದ ನೋಡಬೇಕು. ಚೆಂದ ಅಂತ ಅವರಿಗೂ ಅನಿಸುತ್ತದೆ. ಜೊತೆಗೆ ಈ ಸಲ ಎಷ್ಟು ನಿಲ್ಲುತ್ತದೋ ಎನ್ನುವ ಯೋಚನೆಯೂ ಇರುತ್ತದೆ.

ಇದು ನನ್ನ ಕಲ್ಪನೆ ಅಂತ ಅನಿಸಿದರೆ ಪಿಸ್ಸಾರೋ ಅವರ ಮನೆ ನೋಡಿ. ಹೆಂಡತಿ ಜೂಲಿ ಬರ್ಗಂಡಿ ಕಡೆಯ ರೈತರ ಮನೆಯವರು. ತರಕಾರಿ ಬೆಳೆದು, ಕೋಳಿ ಸಾಕಿ ಮನೆ ನಡೆಸಿದವರು. ಚಿತ್ರಗಳಿಂದ ಬರುತ್ತಿದ್ದ ದುಡ್ಡು ಸಾಲುತ್ತಿರಲಿಲ್ಲ. ನೆಲ ಅಂದರೆ ಊಟ ಎನ್ನುವುದು ಈ ಚಿತ್ರಕಾರರಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

ಇನ್ನೂ ಒಂದು ವಿಷಯ ಇದೆ. 1870ರಲ್ಲಿ ಫ್ರಾನ್ಸ್ ಮತ್ತು ಜರ್ಮನ್ ರಾಜ್ಯವಾದ ಪ್ರಷ್ಯಾ ನಡುವೆ ಯುದ್ಧ ಶುರುವಾಯಿತು. ಪಿಸ್ಸಾರೋ ಕುಟುಂಬ ಲೂವ್ಸಿಯೆನ್ನಿನ ಮನೆ ಬಿಟ್ಟು ಕೊನೆಗೆ ಲಂಡನ್ ಸೇರಿತು. ಆ ಮನೆಯನ್ನು ಪ್ರಷ್ಯನ್ ಸೈನಿಕರು ಹಿಡಿದುಕೊಂಡರು. 1871ರ ಬೇಸಿಗೆಯಲ್ಲಿ ವಾಪಸ್ ಬಂದು ನೋಡಿದರೆ, ಎಷ್ಟೋ ವರ್ಷಗಳ ಚಿತ್ರಗಳಲ್ಲಿ ಹೆಚ್ಚಿನವು ನಾಶವಾಗಿದ್ದವು. ಅಷ್ಟು ವರ್ಷದ ದುಡಿಮೆ ಹೋಯಿತು ಅಂದರೆ ಯೋಚನೆ ಮಾಡಿ. ನನಗೆ ಇದನ್ನು ಓದಿದಾಗಲೆಲ್ಲ ಸಂಕಟವಾಗುತ್ತದೆ.

ಅದಾದ ಮೇಲಿನ ವಸಂತ ಇದು. ಹಾಗಾಗಿ ಈ ಹೂವುಗಳನ್ನು ಭರವಸೆಯ ಗುರುತು ಎನ್ನುವವರಿದ್ದಾರೆ. ತಪ್ಪು ಅಂತ ಹೇಳಲಾರೆ. ಆದರೆ ಹಾಗೆಂದು ಬಿಟ್ಟರೆ ಆ ಇಬ್ಬರು ಕೆಲಸಗಾರರು ಚಿತ್ರದಿಂದ ಮಾಯವಾಗುತ್ತಾರೆ. ಯುದ್ಧ ಮುಗಿದ ಮೇಲೆ ಊರಿನಲ್ಲಿ ನಿಜವಾಗಿ ನಡೆದದ್ದು ಏನು? ಯಾರೋ ಗುದ್ದಲಿ ಹಿಡಿದು ನೆಲಕ್ಕಿಳಿದರು. ಪಿಸ್ಸಾರೋ ಕುಂಚ ಹಿಡಿದು ಅವರ ಪಕ್ಕದಲ್ಲಿ ನಿಂತರು. ನನಗೆ ಕಾಣುವುದು ಅದು.

ಎರಡು ವರ್ಷದ ನಂತರ, 1874ರ ಏಪ್ರಿಲ್ 15ರಂದು, ಪ್ಯಾರಿಸ್ಸಿನಲ್ಲಿ ಫೋಟೋಗ್ರಾಫರ್ ನಾದಾರ್ ಅವರ ಹಳೆಯ ಸ್ಟುಡಿಯೋದಲ್ಲಿ ಇಂಪ್ರೆಷನಿಸ್ಟರ ಗುಂಪಿನ ಮೊದಲ ಪ್ರದರ್ಶನ ತೆರೆಯಿತು. ಪಿಸ್ಸಾರೋ ಐದು ಚಿತ್ರ ಇಟ್ಟರು. ಅದರಲ್ಲಿ ಈ ತೋಟವೂ ಇತ್ತು, 'ಬಿಳಿ ಇಬ್ಬನಿ' ಎನ್ನುವ ಇನ್ನೊಂದು ಚಿತ್ರವೂ ಇತ್ತು. ಆ ಎರಡನೆಯದರಲ್ಲಿ ಹೆಪ್ಪುಗಟ್ಟಿದ ಇಬ್ಬನಿ ಕವಿದ ಉಳುಮೆ ಸಾಲುಗಳಿವೆ. ಲೂಯಿ ಲೆರ್ವಾ ಎನ್ನುವ ವಿಮರ್ಶಕ 'ಶಾರಿವಾರಿ' ಎನ್ನುವ ಹಾಸ್ಯ ಪತ್ರಿಕೆಯಲ್ಲಿ ಅದನ್ನು ಗೇಲಿ ಮಾಡಿದ. ಇವು ಸಾಲುಗಳಲ್ಲ, ಬಣ್ಣ ಕಲಸುವ ಹಲಗೆಯಿಂದ ಕೆರೆದು ಕೊಳಕು ಕ್ಯಾನ್ವಾಸಿಗೆ ಬಳಿದ ಬಣ್ಣ ಎನ್ನುವ ಅರ್ಥದಲ್ಲಿ ಬರೆದ. ಕಾಸ್ತಾನ್ಯಾರಿ ಎನ್ನುವ ಇನ್ನೊಬ್ಬ ವಿಮರ್ಶಕನಿಗೆ ಪಿಸ್ಸಾರೋ ಅವರ ಶಕ್ತಿ ಮೆಚ್ಚುಗೆಯಾಗಿತ್ತು. ಆದರೂ ಈ ಮನುಷ್ಯನಿಗೆ ತರಕಾರಿ ತೋಟದ ಹುಚ್ಚು, ಎಲೆಕೋಸನ್ನೂ ಬಿಡುವುದಿಲ್ಲ ಎನ್ನುವಂತೆ ದೂರಿದ.

ಗಮನಿಸಿ, ಇಬ್ಬರ ತಕರಾರೂ ನೆಲದ ಮೇಲೆಯೇ. ಉಳುಮೆ, ಗೊಬ್ಬರ, ಕೋಸು ಚಿತ್ರದ ಚೌಕಟ್ಟಿನೊಳಗೆ ಬರಬಾರದು ಎನ್ನುವ ನಂಬಿಕೆ ಅಷ್ಟು ಗಟ್ಟಿಯಾಗಿತ್ತು. ಪಿಸ್ಸಾರೋ ಮಾತ್ರ ಬಗ್ಗಲಿಲ್ಲ. 1886ರವರೆಗೆ ನಡೆದ ಎಂಟೂ ಪ್ರದರ್ಶನಗಳಲ್ಲಿ ಭಾಗವಹಿಸಿದವರು ಅವರೊಬ್ಬರೇ. ಅಷ್ಟೂ ವರ್ಷ ಹೊಲ, ತೋಟ, ಕೂಲಿ ಹೆಂಗಸರು, ಸಂತೆ ಇವನ್ನು ಬರೆಯುತ್ತಲೇ ಇದ್ದರು.

ಈ ಚಿತ್ರದ ದೊಡ್ಡ ಫೈಲನ್ನು ಮ್ಯೂಸಿಯಂ ತನ್ನ ವೆಬ್‌ಸೈಟಿನಲ್ಲಿ ಉಚಿತವಾಗಿ ಕೊಡುತ್ತದೆ. ವಾಷಿಂಗ್ಟನ್ ಕಡೆ ಹೋದವರಿಗೆ ಒಳಗೆ ಹೋಗಲೂ ದುಡ್ಡಿಲ್ಲ. ಫೋನಿನಲ್ಲಿ ಬೇಡ, ಸಾಧ್ಯವಾದರೆ ದೊಡ್ಡ ಸ್ಕ್ರೀನಿನಲ್ಲಿ ತೆರೆಯಿರಿ. ಮೇಲಿನ ಅರ್ಧವನ್ನು ಕೈಯಿಂದ ಮುಚ್ಚಿ, ಮೊದಲು ಮಣ್ಣನ್ನು ನೋಡಿ. ಆಮೇಲೆ ಆ ಇಬ್ಬರನ್ನು ನೋಡಿ. ಹೂವು ಕೊನೆಗೆ.