ಪರದೆಯಾಚೆ ಉಳಿದ ಗುಂಡಿ: ಅಗ್ಗದ ಪುಟಾಣಿ ಲ್ಯಾಪ್‌ಟಾಪ್‌ಗಳ ಕುರಿತು

ಕೇಳುಗರಿಗೆ ನಮಸ್ಕಾರ.

ನನ್ನ ಹತ್ತಿರ ಒಂದು ಪುಟಾಣಿ ಲ್ಯಾಪ್‌ಟಾಪ್ ಇದೆ. ಮಡಚಿದರೆ ದಪ್ಪನೆಯ ನೋಟ್‌ಬುಕ್ಕಿನಷ್ಟು. ಯಾವ ಕಂಪನಿಯದು ಅಂತ ಕೇಳಬೇಡಿ. ತಂದ ದಿನವೇ ನನಗೂ ಅದಕ್ಕೂ ಜಗಳ. ಪ್ರಿಂಟರಿನ ತಂತ್ರಾಂಶ ಹಾಕೋಣವೆಂದು ಕೂತೆ. ಪರದೆಯ ಮೇಲೆ ಒಂದು ಚೌಕ ಬಂತು, ನಿಯಮಗಳ ಉದ್ದನೆಯ ಪಟ್ಟಿ ತೋರಿಸಿತು, ಅಷ್ಟೇ. ಒಪ್ಪಿಗೆ ಕೊಡಲು ಗುಂಡಿಯೇ ಇಲ್ಲ! ಪರದೆಯ ಎತ್ತರ 600 ಪಿಕ್ಸೆಲ್. ಆ ಚೌಕವನ್ನು ರೂಪಿಸಿದವರು 768 ಆದರೂ ಇದ್ದೇ ಇರುತ್ತದೆ ಎಂದುಕೊಂಡಿದ್ದರು. ಹಾಗಾಗಿ ‘ಓಕೆ’ ಎಂಬ ಗುಂಡಿ ಪರದೆಯ ಕೆಳ ಅಂಚಿನಾಚೆ ಎಲ್ಲೋ ಕೂತಿತ್ತು. ಟ್ಯಾಬ್ ಕೀಲಿಯನ್ನು ಎಣಿಸಿ ಎಣಿಸಿ ಒತ್ತಿ, ದೇವರ ಮೇಲೆ ಭಾರ ಹಾಕಿ ಎಂಟರ್ ಕೊಟ್ಟೆ. ಮೊದಲ ಸಲ ಎಲ್ಲ ರದ್ದಾಯಿತು. ಎರಡನೆಯ ಸಲಕ್ಕೆ ಸರಿಹೋಯಿತು.

ಅಗ್ಗದ ಲ್ಯಾಪ್‌ಟಾಪ್ ನಿಧಾನ ಅನ್ನುವುದು ಎಲ್ಲರಿಗೂ ಗೊತ್ತು. ನಿಧಾನವನ್ನು ಹೇಗೋ ಸಹಿಸಿಕೊಳ್ಳಬಹುದು. ನಮ್ಮನ್ನು ಸತಾಯಿಸುವುದು ಪೆಟ್ಟಿಗೆಯ ಮೇಲೆ ಅಚ್ಚಾಗದ ಕೊರತೆಗಳು. ಇವತ್ತು ನಾನು ಮಾತಾಡಬೇಕೆಂದಿರುವುದು ಅವುಗಳ ಬಗ್ಗೆಯೇ.

ಈ ಸಂತತಿ ಶುರುವಾದದ್ದು ಮಕ್ಕಳಿಗಾಗಿ. 2005ರಲ್ಲಿ ಅಮೆರಿಕದ ತಂತ್ರಜ್ಞ ನಿಕೊಲಸ್ ನೆಗ್ರೊಪೊಂಟೆ 100 ಡಾಲರಿನ ಲ್ಯಾಪ್‌ಟಾಪ್ ಎಂಬ ಕನಸನ್ನು ಜಗತ್ತಿನ ಮುಂದಿಟ್ಟರು. ಎಕ್ಸ್‌ಒ ಎಂಬ ಆ ಹಸಿರು ಬಿಳುಪಿನ ಯಂತ್ರ ತಯಾರಾಗಿ ಹೊರಬರುವಾಗ ಬೆಲೆ 200 ಡಾಲರಿನ ಹತ್ತಿರ ಬಂದಿತ್ತು. ಒಳಗೆ 433 ಮೆಗಾಹರ್ಟ್ಸ್ ಪ್ರೊಸೆಸರ್, 256 ಎಂಬಿ ರ‍್ಯಾಮ್, 1 ಜಿಬಿ ಸಂಗ್ರಹ. ಆದರೆ ಪರದೆಯಲ್ಲಿ ಮಾತ್ರ ಅವರು ಜಿಪುಣತನ ಮಾಡಲಿಲ್ಲ. ಸುಡುಬಿಸಿಲಲ್ಲಿ ಕೂತರೂ ಅಕ್ಷರ ಕಪ್ಪು ಬಿಳುಪಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಡಿಮೆ ದುಡ್ಡಿನಲ್ಲಿ ಯಾವುದನ್ನು ಬಿಡಬೇಕು, ಯಾವುದನ್ನು ಬಿಡಬಾರದು ಎಂದು ಯೋಚಿಸಿದವರ ಕೆಲಸ ಅದು. ಆಮೇಲೆ ಬಂದವರಲ್ಲಿ ಇಷ್ಟು ಯೋಚಿಸಿದವರು ಕಡಿಮೆ ಎಂದೇ ನನ್ನ ಅಭಿಪ್ರಾಯ.

2007ರ ಕೊನೆಗೆ ಏಸಸ್ ಕಂಪನಿಯ ‘ಈ ಪಿಸಿ’ ಎಂಬ ಹೆಸರಿನ ಯಂತ್ರ ಬಂತು. 7 ಇಂಚಿನ ಪರದೆ, 4 ಜಿಬಿ ಸಂಗ್ರಹ, ವಿಂಡೋಸಿನ ಬದಲು ಲಿನಕ್ಸ್ ಎಂಬ ಪುಕ್ಕಟೆ ಕಾರ್ಯಾಚರಣೆ ವ್ಯವಸ್ಥೆ, ತೂಕ ಒಂದು ಕಿಲೋಗಿಂತ ಕಡಿಮೆ. ಅದರ ಪ್ರೊಸೆಸರಿನ ವೇಗ ಕಾಗದದ ಮೇಲೆ 900 ಮೆಗಾಹರ್ಟ್ಸ್. ಅದನ್ನು ಓಡಿಸುತ್ತಿದ್ದದ್ದು 630ರಲ್ಲಿ. ಪೆಟ್ಟಿಗೆ ಹೇಳದ ಸಂಗತಿಗಳ ಪರಂಪರೆ ಅಲ್ಲಿಂದಲೇ ಶುರು ಅನ್ನಿ. ಮರುವರ್ಷ ಇಂಟೆಲ್ ಆಟಮ್ ಎಂಬ ಪ್ರೊಸೆಸರ್ ತಂದಿತು. ಇಂಥ ಪುಟಾಣಿ ಲ್ಯಾಪ್‌ಟಾಪ್‌ಗಳಿಗೆ ನೆಟ್‌ಬುಕ್ ಎಂಬ ಹೆಸರು ಎಲ್ಲರ ಬಾಯಲ್ಲೂ ಬಂತು.

ಆಟಮ್ ಬಹಳ ಕಡಿಮೆ ವಿದ್ಯುತ್ ಕೇಳುತ್ತಿತ್ತು, 2.5 ವಾಟ್. ಅದನ್ನು ಸಾಧಿಸಿದ್ದು ಹೇಗೆ? ದೊಡ್ಡ ಪ್ರೊಸೆಸರುಗಳು ಒಂದು ಲೆಕ್ಕಕ್ಕೆ ಬೇಕಾದ ಅಂಕಿ ಇನ್ನೂ ಬರದಿದ್ದರೆ ಅದನ್ನು ಪಕ್ಕಕ್ಕಿಟ್ಟು ಮುಂದಿನ ಕೆಲಸ ಎತ್ತಿಕೊಳ್ಳುತ್ತವೆ. ಆಟಮ್‌ಗೆ ಆ ಜಾಣತನ ಕೊಟ್ಟಿರಲಿಲ್ಲ. ಕೌಂಟರಿನಲ್ಲಿ ಮುಂದೆ ನಿಂತವನು ಜೇಬಲ್ಲಿ ಚೀಟಿ ಹುಡುಕುತ್ತಿದ್ದರೆ ಹಿಂದಿನವರೆಲ್ಲ ಸುಮ್ಮನೆ ನಿಂತಿರುತ್ತಾರಲ್ಲ, ಹಾಗೆ. 1.6 ಗಿಗಾಹರ್ಟ್ಸ್ ಎಂದು ಬರೆದಿದ್ದರೂ ಅಷ್ಟು ಓಟ ಸಿಗದಿದ್ದದ್ದಕ್ಕೆ ಇದೂ ಒಂದು ಕಾರಣ. ಇನ್ನು, ಪ್ರೊಸೆಸರನ್ನು ಉಳಿದ ಭಾಗಗಳಿಗೆ ಜೋಡಿಸಲು ಜೊತೆಗೆ ಕೊಟ್ಟ ಚಿಪ್‌ಸೆಟ್ ಹಳೆಯದು. ಪ್ರೊಸೆಸರಿಗಿಂತ ಹೆಚ್ಚು ವಿದ್ಯುತ್ತನ್ನು ಅದೇ ತಿನ್ನುತ್ತಿತ್ತು. ಮೂಗಿಗಿಂತ ಮೂಗುತಿ ಭಾರ!

ಎಲ್ಲ ಕೊರತೆಗೂ ಹಾರ್ಡ್‌ವೇರೇ ಕಾರಣ ಎಂದುಕೊಳ್ಳಬೇಡಿ. ಕೆಲವನ್ನು ಒಪ್ಪಂದದ ಕಾಗದದಲ್ಲಿ ಬರೆದು ತಯಾರಿಸಿದ್ದರು. 2008ರಲ್ಲಿ ವಿಂಡೋಸ್ ಎಕ್ಸ್‌ಪಿ ಮಾರಾಟ ನಿಲ್ಲಬೇಕಿತ್ತು. ಅದರ ನಂತರದ ವಿಸ್ಟಾ ಈ ಬಡಪಾಯಿ ಯಂತ್ರಗಳಿಗೆ ಹೊರಲಾಗದ ಹೊರೆ. ಅದಕ್ಕೆ ಮೈಕ್ರೋಸಾಫ್ಟ್, ಅತಿ ಅಗ್ಗದ ಕಂಪ್ಯೂಟರುಗಳಿಗೆ ಮಾತ್ರ ಎಕ್ಸ್‌ಪಿ ಮುಂದುವರಿಸಿತು, ಷರತ್ತುಗಳ ಜೊತೆ. ರ‍್ಯಾಮ್ 1 ಜಿಬಿ ಮೀರಬಾರದು ಎಂಬುದು ಅದರಲ್ಲೊಂದು. ನೆಟ್‌ಬುಕ್ಕುಗಳೆಲ್ಲ 1 ಜಿಬಿ ರ‍್ಯಾಮ್ ಹೊತ್ತು ಅವಳಿ ಜವಳಿಗಳಂತೆ ಬಂದದ್ದರ ಹಿಂದೆ ಈ ಷರತ್ತೂ ಇತ್ತು. ಆಮೇಲೆ ವಿಂಡೋಸ್ 7 ಸ್ಟಾರ್ಟರ್ ಬಂತು. ಅದರಲ್ಲಿ ಪರದೆಯ ಹಿನ್ನೆಲೆ ಚಿತ್ರವನ್ನು ಬದಲಿಸುವ ಹಾಗಿರಲಿಲ್ಲ. ಚಿತ್ರ ಬದಲಿಸಲು ಎಷ್ಟು ಶಕ್ತಿ ಬೇಕು ಹೇಳಿ? ಒಂದು ಸಲಕ್ಕೆ ಮೂರೇ ತಂತ್ರಾಂಶ ತೆರೆಯಬೇಕು ಎಂಬ ಮಿತಿಯೂ ಬರಲಿತ್ತು. ಬಿಡುಗಡೆಗೆ ಮೊದಲೇ ಅದನ್ನು ಕೈಬಿಟ್ಟರು, ಪುಣ್ಯ.

ಇವೆಲ್ಲಕ್ಕಿಂತ ಅಗ್ಗದ ಇನ್ನೊಂದು ಜಾತಿ ಇತ್ತು. 2010ರ ಆಸುಪಾಸಿನಲ್ಲಿ ನನ್ನ ಸೋದರಳಿಯ ಅಂಥದ್ದೊಂದನ್ನು ತಂದಿದ್ದ. 7 ಇಂಚಿನ ಪರದೆ, ಹಗುರ ಪ್ಲಾಸ್ಟಿಕ್, ಮೂಲೆಯಲ್ಲಿ ವಿಂಡೋಸಿನ ಹಾಗೇ ಸ್ಟಾರ್ಟ್ ಗುಂಡಿ.

“ಮಾವ, ಇದರಲ್ಲಿ ಏನು ಹಾಕಿದರೂ ಓಡ್ತಾ ಇಲ್ಲ. ಸಿ.ಡಿ.ಯೇ ಸರಿ ಇಲ್ವೇನೋ.”

ಸಿ.ಡಿ. ಸರಿಯಾಗಿಯೇ ಇತ್ತು. ನಾನೂ ಪೆನ್ ಡ್ರೈವಿನಿಂದ ಒಂದು ಟೈಪಿಂಗ್ ತಂತ್ರಾಂಶ ಹಾಕಿ ನೋಡಿದೆ. ‘ಇದು ವಿಂಡೋಸ್ ಸಿಇ ತಂತ್ರಾಂಶವಲ್ಲ’ ಎಂಬರ್ಥದ ಒಂದು ಸಾಲು ಬಂತು. ಆ ‘ಸಿಇ’ ಎಂಬ ಎರಡಕ್ಷರದಲ್ಲಿ ಗುಟ್ಟೆಲ್ಲ ಇತ್ತು. ವಿಂಡೋಸ್ ಸಿಇ ಎಂಬುದು ಬಾರ್‌ಕೋಡ್ ಓದುವ ಯಂತ್ರ, ದಾರಿ ತೋರಿಸುವ ಜಿಪಿಎಸ್ ಸಾಧನ, ಇಂಥವಕ್ಕೆಂದು ಮಾಡಿದ್ದು. ಒಳಗಿದ್ದದ್ದು ಅಂದಿನ ಮೊಬೈಲುಗಳಲ್ಲಿರುತ್ತಿದ್ದಂಥ ಎಆರ್‌ಎಮ್ ಪ್ರೊಸೆಸರ್, 128 ಎಂಬಿ ರ‍್ಯಾಮ್. ಮಾಮೂಲಿ ವಿಂಡೋಸಿಗೆ ಬರೆದ ತಂತ್ರಾಂಶದ ಭಾಷೆಯೇ ಅದಕ್ಕೆ ಬರುವುದಿಲ್ಲ. ಮುಖ ನೋಡಿದರೆ ನೆಂಟ, ಮಾತಾಡಿಸಿದರೆ ಅಪರಿಚಿತ. ಹುಡುಗ ಅದರಲ್ಲಿ ಕೆಲವು ದಿನ ಹಾಡು ಕೇಳಿದ. ಈಗ ಅದನ್ನು ತೆರೆದರೆ ಬಹುಪಾಲು ಜಾಲತಾಣಗಳು ಬಾಗಿಲನ್ನೇ ತೆಗೆಯುವುದಿಲ್ಲ. ಸುರಕ್ಷಿತ ಸಂಪರ್ಕದ ಇಂದಿನ ಪಾಠ ಅದರ ಬ್ರೌಸರಿಗೆ ಗೊತ್ತಿಲ್ಲ.

ಅದು ಹಳೆಯ ಕಥೆ ಆಯಿತು, ಈಗ ಹಾಗಿಲ್ಲ ಅನ್ನುತ್ತೀರಾ? ಅಗ್ಗದ ಲ್ಯಾಪ್‌ಟಾಪಿನ ವಿವರದಲ್ಲಿ ‘ಇಎಂಎಂಸಿ’ ಎಂಬ ಪದ ಕಂಡರೆ ಸ್ವಲ್ಪ ನಿಂತು ಓದಿ. ಅದು ಕ್ಯಾಮೆರಾದ ಮೆಮೊರಿ ಕಾರ್ಡಿನ ಸೋದರ. ಆದರೆ ಮದರ್‌ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ. ತೆಗೆದು ದೊಡ್ಡದು ಹಾಕಿಕೊಳ್ಳುವ ಮಾತೇ ಇಲ್ಲ. ರ‍್ಯಾಮ್‌ಗೂ ಎಷ್ಟೋ ಸಲ ಇದೇ ಗತಿ. 32 ಜಿಬಿ ಎಂದು ಮಾರಿದ್ದನ್ನು ವಿಂಡೋಸ್ ತನ್ನ ಲೆಕ್ಕದಲ್ಲಿ 29.8 ಎಂದು ತೋರಿಸುತ್ತದೆ. ಇದು ಮೋಸವಲ್ಲ, ಸಾವಿರದಿಂದ ಗುಣಿಸುವವರಿಗೂ 1024ರಿಂದ ಗುಣಿಸುವವರಿಗೂ ಇರುವ ವ್ಯತ್ಯಾಸ. ಅದರಲ್ಲಿ ವಿಂಡೋಸ್ ಕೂತು, ಕಂಪನಿಯವರ ರಿಕವರಿ ಭಾಗ ಕೂತು, ಉಳಿದ ಮೂಲೆ ನಿಮಗೆ. ಅಷ್ಟರಲ್ಲಿ ದೊಡ್ಡ ಅಪ್‌ಡೇಟ್ ಬರುತ್ತದೆ. ಹೊಸದನ್ನು ಇಳಿಸಿಕೊಳ್ಳಬೇಕು, ಕೆಟ್ಟರೆ ಹಿಂದಿರುಗಲು ಹಳೆಯದನ್ನೂ ಇಟ್ಟುಕೊಳ್ಳಬೇಕು. ಜಾಗ ಸಾಲದೆ ವಿಂಡೋಸ್ 10 ‘ಒಂದು ಪೆನ್ ಡ್ರೈವ್ ಚುಚ್ಚಿ’ ಎಂದು ಕೇಳುತ್ತಿತ್ತು. ಮನೆಗೆ ಬಂದ ಅತಿಥಿ ಮಲಗಲು ಪಕ್ಕದ ಮನೆಯಿಂದ ಚಾಪೆ ತರಿಸಿದ ಹಾಗೆ. ರ‍್ಯಾಮ್ 2 ಜಿಬಿ ಇದ್ದರೆ ಇನ್ನೂ ಫಜೀತಿ. ರ‍್ಯಾಮಿನಲ್ಲಿ ಹಿಡಿಸದ್ದನ್ನೆಲ್ಲ ಅದೇ ನಿಧಾನದ ಇಎಂಎಂಸಿಗೆ ಸಾಗಿಸಿ ಮತ್ತೆ ಹೊತ್ತು ತರುತ್ತಿರಬೇಕು. ಮೌಸಿನ ಬಾಣ ನಿಂತಲ್ಲೇ ನಿಂತಿರುತ್ತದೆ.

ಹಾಗಾದರೆ ಲಿನಕ್ಸ್ ಹಾಕಿದರಾಯಿತಲ್ಲ ಎಂದು ಯಾರಾದರೂ ಹೇಳೇ ಹೇಳುತ್ತಾರೆ. ಹಾಕಿ, ನಾನೂ ಹಾಕಿದ್ದೇನೆ. ಆದರೆ ಕೆಲವು ಅಗ್ಗದ ಯಂತ್ರಗಳಲ್ಲಿ ಪ್ರೊಸೆಸರ್ 64 ಬಿಟ್, ಅಂದರೆ ಒಂದೇ ತುತ್ತಿಗೆ 64 ಬಿಟ್ ಮಾಹಿತಿ ನುಂಗಬಲ್ಲದ್ದು; ಅದನ್ನು ಎಬ್ಬಿಸುವ ಫರ್ಮ್‌ವೇರ್ ಮಾತ್ರ 32 ಬಿಟ್. ಇಬ್ಬರನ್ನೂ ಒಪ್ಪಿಸುವಷ್ಟರಲ್ಲಿ ಒಂದು ಭಾನುವಾರ ಮುಗಿದಿರುತ್ತದೆ. ನನ್ನ ಹಳೆಯ ನೆಟ್‌ಬುಕ್ಕಿನದು ಪೂರ್ತಿ 32 ಬಿಟ್. ಲಿನಕ್ಸಿನ ಉಬುಂಟು ಎಂಬ ರೂಪ 2017ರಲ್ಲೇ ಅಂಥವಕ್ಕೆ ಡೆಸ್ಕ್‌ಟಾಪ್ ಪ್ರತಿ ಕೊಡುವುದನ್ನು ನಿಲ್ಲಿಸಿತು. ಡೆಬಿಯನ್ ಎಂಬ ಇನ್ನೊಂದು ರೂಪ ತನ್ನ 12ನೆಯ ಆವೃತ್ತಿಯವರೆಗೆ ಕೈಹಿಡಿದು ನಡೆಸಿತು. 2025ರಲ್ಲಿ ಬಂದ 13ರಲ್ಲಿ ಅದಕ್ಕೂ ಇನ್‌ಸ್ಟಾಲರ್ ಇಲ್ಲ.

ಅದಕ್ಕೇ ನನ್ನದು 12ರಲ್ಲೇ ನಿಂತಿದೆ. ಚಿತ್ರಗಿತ್ರ ಏನಿಲ್ಲದ ಬರೀ ಅಕ್ಷರಗಳ ಎಡಿಟರಿನಲ್ಲಿ ಬರೆಯುತ್ತೇನೆ. ಅಷ್ಟಕ್ಕೆ ಅದರಲ್ಲಿ ಏನೂ ಕಡಿಮೆಯಿಲ್ಲ. ತೊಂದರೆ ಕೊಡುವುದು ಕೀಲಿಮಣೆಯೊಂದೇ. ಜಾಗ ಉಳಿಸಲೆಂದು ಬಲಗಡೆಯ ಶಿಫ್ಟ್ ಕೀಲಿಯನ್ನು ಮೇಲ್ಬಾಣದ ಕೀಲಿಯ ಆಚೆಗೆ ತಳ್ಳಿದ್ದಾರೆ. ಶಿಫ್ಟ್ ಎಂದುಕೊಂಡು ಕಿರುಬೆರಳು ಬಾಣವನ್ನೇ ಒತ್ತುತ್ತದೆ. ‘ಧನ’ ಎಂದು ಬರೆಯಹೊರಟರೆ, ಮೇಲಿನ ಸಾಲಿನ ನಡುವೆ ‘ದನ’ ಬಂದು ನಿಂತಿರುತ್ತದೆ. ಇಷ್ಟು ವರ್ಷವಾದರೂ ಬೆರಳಿಗೆ ಅಭ್ಯಾಸವಾಗಿಲ್ಲ. ಈ ಭಾಷಣದ ಪ್ರತಿಯಿಂದಲೂ ಇವತ್ತು ಬೆಳಿಗ್ಗೆ ಎರಡು ದನಗಳನ್ನು ಹೊರಗಟ್ಟಿ ಬಂದೆ.

ನಮಸ್ಕಾರ.