ವಾರಕ್ಕೆ ಮೂರು ಸಲದ ನೆರವು

ಕೇಳುಗರೆ, ನಮಸ್ಕಾರ.

ಮೂತ್ರಪಿಂಡ ಸೋತವರ ರಕ್ತವನ್ನು ಯಂತ್ರದಿಂದ ಶುದ್ಧಿಮಾಡುವ, ಮುಂಬಯಿ ಉಪನಗರದ ಒಂದು ಡಯಾಲಿಸಿಸ್ ಕೇಂದ್ರಕ್ಕೆ ನಾನು ಕೆಲವು ವರ್ಷಗಳಿಂದ ಸ್ವಯಂಸೇವಕನಾಗಿ ಹೋಗಿಬರುತ್ತಿದ್ದೇನೆ. ಅಲ್ಲಿ ಪರಿಚಯವಾದ ಕುಂದಾಪುರದ ಕಡೆಯ ಹೋಟೆಲ್ ಕಾರ್ಮಿಕರೊಬ್ಬರು ಒಂದು ದಿನ ಎಡಗೈ ಚಾಚಿ, "ಮುಟ್ಟಿ ನೋಡಿ ಅಣ್ಣ" ಎಂದರು. ಮಣಿಕಟ್ಟಿನ ಮೇಲೆ ಉಬ್ಬಿದ್ದ ರಕ್ತನಾಳಕ್ಕೆ ಬೆರಳಿಟ್ಟರೆ, ಒಳಗೆ ಜೇನುಹುಳು ಗುಂಯ್‌ಗುಟ್ಟಿದಂತಹ ಸಣ್ಣ ಕಂಪನ. ಅಪಧಮನಿಯನ್ನೂ ಅಭಿಧಮನಿಯನ್ನೂ ಶಸ್ತ್ರಚಿಕಿತ್ಸೆಯಿಂದ ಜೋಡಿಸಿ ಸೂಜಿ ಚುಚ್ಚಲು ಅಣಿಮಾಡಿದ ಆ ಜಾಗಕ್ಕೆ ಫಿಸ್ಟುಲಾ ಎನ್ನುತ್ತಾರೆ. ಆ ಕೈಯಿಂದ ಭಾರ ಎತ್ತಬಾರದು. ಇಪ್ಪತ್ತು ವರ್ಷ ದೋಸೆಹಿಟ್ಟಿನ ಪಾತ್ರೆ ಎತ್ತಿದ ಕೈ ಅದು.

ಮೂತ್ರಪಿಂಡಗಳು ಪೂರ್ತಿ ಸೋತವರಿಗೆ ಸಾಮಾನ್ಯವಾಗಿ ವಾರಕ್ಕೆ ಮೂರು ಸಲ, ಪ್ರತಿ ಸಲ ಸುಮಾರು 4 ಗಂಟೆ ಡಯಾಲಿಸಿಸ್ ಬೇಕು. ಅಂದರೆ ವರ್ಷಕ್ಕೆ 156 ಸಲ, ಬದಲಿ ಮೂತ್ರಪಿಂಡ ಸಿಗುವ ತನಕ, ಇಲ್ಲವೆ ಬದುಕಿರುವ ತನಕ. ಒಂದು ಸರದಿಗೆ ಯಂತ್ರ ಸುಮಾರು 120 ಲೀಟರ್ ಶುದ್ಧ ನೀರನ್ನು ಬಳಸಿಕೊಳ್ಳುತ್ತದೆ. ಅದರ ಪಕ್ಕದಲ್ಲಿ ಮಲಗಿದವರಲ್ಲಿ ಹಲವರು ಮುಂಬಯಿಯ ಅಕ್ಟೋಬರ್ ಸೆಕೆಯಲ್ಲೂ ದಿನಕ್ಕೆ ಒಂದು ಲೀಟರಿಗಿಂತ ಕಡಿಮೆ ನೀರನ್ನು ಲೋಟದಲ್ಲಿ ಅಳೆದು ಕುಡಿಯಬೇಕು. ಎಳನೀರಿನಲ್ಲಿ ಪೊಟ್ಯಾಸಿಯಂ ಹೆಚ್ಚೆಂದು ಅದೂ ಬೇಡ. ಹಣವಿಲ್ಲದೆ ಒಂದೆರಡು ಸರದಿ ತಪ್ಪಿದರೆ ಶ್ವಾಸಕೋಶದಲ್ಲಿ ನೀರು ತುಂಬಬಹುದು, ಪೊಟ್ಯಾಸಿಯಂ ಏರಿ ಹೃದಯವೇ ನಿಲ್ಲಬಹುದು.

ಹಾಗಾಗಿ ಈ ಕಾಯಿಲೆಗೆ ಒಮ್ಮೆ ಕೊಟ್ಟು ಕೈತೊಳೆದುಕೊಳ್ಳುವ ದಾನ ಸಾಲದು ಎಂಬುದು ನನ್ನ ಖಚಿತ ಅಭಿಪ್ರಾಯ. ಯಂತ್ರವನ್ನು ದಾನ ಮಾಡಿ ಅದರ ಮೇಲೆ ಹೆಸರು ಬರೆಸಲು ನಮ್ಮಲ್ಲಿ ಅನೇಕರು ಮುಂದೆ ಬರುತ್ತಾರೆ, ಅದು ಒಳ್ಳೆಯದೇ. ಆದರೆ ರಕ್ತ ಸೋಸುವ ಡಯಲೈಸರ್, ರಕ್ತದ ನಳಿಕೆಗಳು, ನೀರಿನ ಘಟಕದ ನಿರ್ವಹಣೆ, ತಂತ್ರಜ್ಞರ ಸಂಬಳ ಇವೆಲ್ಲ ತಿಂಗಳು ತಿಂಗಳು ಬರುವ ಖರ್ಚುಗಳು. ಒಬ್ಬ ರೋಗಿಯ ಒಂದು ವರ್ಷದ ಸರದಿಗಳನ್ನು ನಾಲ್ಕು ಮನೆಯವರು ಸೇರಿ ವಹಿಸಿಕೊಂಡರೆ ಆ ಯಂತ್ರಕ್ಕೂ ಅರ್ಥ ಬರುತ್ತದೆ. ರಕ್ತ ಹೆಚ್ಚಿಸುವ ಇಂಜೆಕ್ಷನ್, ಹೋಗಿಬರುವ ರಿಕ್ಷಾ ಬಾಡಿಗೆ, ತಪ್ಪಿಹೋದ ದಿನಗೂಲಿ ಇವೂ ಲೆಕ್ಕಕ್ಕೆ ಸೇರಬೇಕು.

ಸರಕಾರದ ದಾರಿಗಳೂ ಇವೆ. ಪ್ರಧಾನಮಂತ್ರಿ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮ 2016ರಲ್ಲಿ ಆರಂಭವಾಯಿತು. ಅದರಲ್ಲಿ ಬಡತನ ರೇಖೆಗಿಂತ ಕೆಳಗಿನವರಿಗೆ ಶುಲ್ಕವಿಲ್ಲ. ಮಹಾರಾಷ್ಟ್ರದಲ್ಲಿ ಮಹಾತ್ಮ ಜ್ಯೋತಿರಾವ್ ಫುಲೆ ಜನಾರೋಗ್ಯ ಯೋಜನೆ ಇದೆ. ಇವೆರಡಕ್ಕಿಂತ ಕಡಿಮೆ ಜನರಿಗೆ ಗೊತ್ತಿರುವುದು ಧರ್ಮಾದಾಯ ಆಸ್ಪತ್ರೆಗಳ, ಅಂದರೆ ಟ್ರಸ್ಟ್‌ಗಳು ನಡೆಸುವ ಆಸ್ಪತ್ರೆಗಳ ನಿಯಮ: ಮಹಾರಾಷ್ಟ್ರದ 1950ರ ಸಾರ್ವಜನಿಕ ನ್ಯಾಸ (ಟ್ರಸ್ಟ್) ಕಾಯ್ದೆಯ 41ಎಎ ಕಲಮಿನಡಿ ರೂಪುಗೊಂಡ ಯೋಜನೆಯಂತೆ, ಇಂತಹ ಆಸ್ಪತ್ರೆಗಳು ಶೇ. 10ರಷ್ಟು ಹಾಸಿಗೆಗಳನ್ನು ನಿರ್ಗತಿಕರಿಗೆ ಉಚಿತವಾಗಿಯೂ ಇನ್ನು ಶೇ. 10ರಷ್ಟನ್ನು ದುರ್ಬಲ ವರ್ಗದವರಿಗೆ ರಿಯಾಯಿತಿಯಲ್ಲಿಯೂ ಮೀಸಲಿಡಬೇಕು, ಬಿಲ್ಲಿನ ಒಟ್ಟು ಮೊತ್ತದ ಶೇ. 2ನ್ನು ಬಡ ರೋಗಿಗಳ ನಿಧಿಗೆ ತೆಗೆದಿಡಬೇಕು. ದೊಡ್ಡ ಕಟ್ಟಡವನ್ನು ಕಂಡು ಹೆದರಿ ಬಾಗಿಲಲ್ಲೇ ಹಿಂದಿರುಗಿದ ನಮ್ಮವರನ್ನು ನಾನು ಕಂಡಿದ್ದೇನೆ.

ಇದನ್ನೆಲ್ಲ ಪಡೆಯಲು ಕಾಗದಪತ್ರ ಬೇಕು. ನಾನು ಹೇಳಿದ ಕಾರ್ಮಿಕರು ಇಪ್ಪತ್ತು ವರ್ಷ ಹೋಟೆಲಿನ ಅಟ್ಟದ ಮೇಲೆ ಮಲಗಿದವರು. ಅವರ ರೇಷನ್ ಕಾರ್ಡು ಊರಿನಲ್ಲಿ, ತಾಯಿಯ ಮನೆಯಲ್ಲಿ. ಇಲ್ಲಿನ ವಿಳಾಸಕ್ಕೆ ಪುರಾವೆಯಿಲ್ಲ, ಮರಾಠಿ ಮಾತಾಡಬಲ್ಲರು, ಬರೆಯಲಾರರು. ತಹಸೀಲ್ದಾರರ ಕಚೇರಿಯಿಂದ ಆದಾಯ ಪ್ರಮಾಣಪತ್ರ ಪಡೆಯಲು ನಿವೃತ್ತ ಬ್ಯಾಂಕ್ ನೌಕರರೊಬ್ಬರು ಮೂರು ಬಾರಿ ಅವರ ಜೊತೆ ಹೋಗಿ ಸಾಲಿನಲ್ಲಿ ನಿಂತರು. ಅವರು ಒಂದು ರೂಪಾಯಿಯನ್ನೂ ಕೊಡಲಿಲ್ಲ, ಆದರೆ ಆ ಪ್ರಮಾಣಪತ್ರ ಬಂದ ಮೇಲೆ ಡಯಾಲಿಸಿಸ್‌ನ ಶುಲ್ಕ ನಿಂತಿತು. ಹೋಟೆಲಿನ ಯಜಮಾನರು ಅವರನ್ನು ಅಡುಗೆಮನೆಯಿಂದ ಗಲ್ಲಾಕ್ಕೆ ತಂದು ಕೂರಿಸಿದರು. ಮಂಗಳವಾರ, ಗುರುವಾರ, ಶನಿವಾರ ಮಧ್ಯಾಹ್ನದ ಮೇಲೆ ರಜೆ, ಸಂಬಳದಲ್ಲಿ ಕಡಿತವಿಲ್ಲ.