ನೀರು ಬಾರದ ಬೋರ್‌ವೆಲ್ಲಿಗೂ ಒಂದು ಸಾಕ್ಷಿ

ಎಲ್ಲರಿಗೂ ವಂದನೆಗಳು. ಕೋಲಾರದ ಕಡೆಯ ಕ್ರೈಸ್ತ ಸಭೆಗಳಲ್ಲಿ ಆರಾಧನೆಗೆ ಕುಳಿತವರಿಗೆ, ದೇವರು ಮಾಡಿದ ಉಪಕಾರವನ್ನು ಎಲ್ಲರೆದುರು ಹೇಳುವ ಸಾಕ್ಷಿಯ ಹೊತ್ತು ಹೇಗಿರುತ್ತದೆಂದು ಗೊತ್ತು. ಒಬ್ಬೊಬ್ಬರೇ ಎದ್ದು ನಿಲ್ಲುತ್ತಾರೆ. ಮಗಳಿಗೆ ಕೆಲಸ ಸಿಕ್ಕಿತು, ಆಪರೇಷನ್ ಚೆನ್ನಾಗಿ ಆಯಿತು, ಸೈಟಿನ ತಕರಾರು ಬಗೆಹರಿಯಿತು, ದೇವರಿಗೆ ಸ್ತೋತ್ರ. ಆ ಸಂತೋಷದಲ್ಲಿ ನಾನೂ ಪಾಲುಗಾರ. ಆದರೆ ಅದೇ ಸಾಲಿನಲ್ಲಿ, ಹೆಣ್ಣು ನೋಡಿಹೋದವರು ಮತ್ತೆ ಫೋನ್ ಮಾಡದ ಮನೆಯ ತಾಯಿ ಕುಳಿತಿರುತ್ತಾರೆ. ಮೂರನೆಯ ಸಲವೂ ಪರೀಕ್ಷೆಯಲ್ಲಿ ನಪಾಸಾದ ಹುಡುಗ ಕುಳಿತಿರುತ್ತಾನೆ. ಅವರು ಏಳುವುದಿಲ್ಲ. ಏಳಬೇಡಿ ಎಂದು ಯಾರೂ ಹೇಳಿಲ್ಲ, ಆದರೂ ಏಳುವುದಿಲ್ಲ.

ಅವರ ಬಳಿಯೂ ಒಂದು ಸಾಕ್ಷಿ ಇದೆ, ಅದನ್ನು ಕೇಳದ ಸಭೆ ಅರ್ಧ ಸುವಾರ್ತೆಯನ್ನು ಮಾತ್ರ ಕೇಳುತ್ತಿದೆ ಎಂಬುದು ನನ್ನ ಅಭಿಪ್ರಾಯ.

ನಮ್ಮ ಜಿಲ್ಲೆಯಲ್ಲಿ ವರ್ಷವಿಡೀ ಹರಿಯುವ ನದಿಯಿಲ್ಲ. ಬೇಸಾಯ ಬಹುಮಟ್ಟಿಗೆ ಕೊಳವೆಬಾವಿಯನ್ನೇ ನಂಬಿಕೊಂಡಿದೆ, ಅದೂ ಎಷ್ಟೋ ಕಡೆ ಸಾವಿರ ಅಡಿ ದಾಟಿದ ಕೊಳವೆಬಾವಿ. ರಿಗ್ ಲಾರಿ ಬರುವ ದಿನ ನೀವೂ ನೋಡಿರುತ್ತೀರಿ. ಪಾಯಿಂಟ್ ಇಟ್ಟ ಜಾಗದಲ್ಲಿ ಸಭಾಪಾಲಕರು ಕಣ್ಣುಮುಚ್ಚಿ ಪ್ರಾರ್ಥಿಸುತ್ತಾರೆ, ಮನೆಯವರು ಆಮೆನ್ ಅನ್ನುತ್ತಾರೆ. ಕಂಪ್ರೆಸರ್ ಮೊರೆಯತೊಡಗುತ್ತದೆ. ಒಂದೊಂದು ರಾಡ್ ಇಳಿದಂತೆ ಮನೆಯ ಯಜಮಾನನ ತಲೆಯಲ್ಲಿ ಅಡಿಯ ಲೆಕ್ಕ ಏರುತ್ತದೆ. ಕೊಳವೆಯ ಬಾಯಿಂದ ಬರುವುದು ಬಿಳಿ ಪುಡಿ. ಪಕ್ಕದ ಮಾವಿನ ಎಲೆಗಳ ಮೇಲೆ, ಹೆಂಗಸರ ತಲೆಗೂದಲಿನ ಮೇಲೆ ಅದೇ ಪುಡಿ. ಸ್ವಲ್ಪ ತೇವ ಕಂಡರೆ ಎಲ್ಲರೂ ಒಂದು ಹೆಜ್ಜೆ ಮುಂದೆ ಬರುತ್ತಾರೆ. ಮತ್ತೆ ಒಣ ಪುಡಿ. ಕತ್ತಲಾಗುವ ಹೊತ್ತಿಗೆ ಲಾರಿಯವರು ದುಡ್ಡು ಎಣಿಸಿಕೊಂಡು ಹೊರಡುತ್ತಾರೆ.

ಆಮೇಲೆ ಶುರುವಾಗುವ ಮಾತುಗಳು ನನಗೆ ಸಂಕಟ ತರುತ್ತವೆ. ‘ದೇವರು ಇದಕ್ಕಿಂತ ಒಳ್ಳೆಯದನ್ನೇ ಇಟ್ಟಿರುತ್ತಾನೆ’ ಎನ್ನುವವರು ಒಬ್ಬರು. ‘ನಂಬಿಕೆಯಲ್ಲಿ ಎಲ್ಲೋ ಕೊರತೆ ಇರಬೇಕು, ಉಪವಾಸವಿದ್ದು ನೋಡಿ’ ಎನ್ನುವವರು ಇನ್ನೊಬ್ಬರು. ಇಬ್ಬರೂ ಪ್ರೀತಿಯಿಂದಲೇ ಹೇಳುತ್ತಾರೆ. ಆದರೆ ಬೈಬಲಿನಲ್ಲಿ ಮಕ್ಕಳು, ಆಸ್ತಿ, ಆರೋಗ್ಯ ಎಲ್ಲವನ್ನೂ ಕಳೆದುಕೊಂಡ ಯೋಬನ ಸ್ನೇಹಿತರನ್ನು ನೆನೆಸಿಕೊಳ್ಳಿ. ಏಳು ಹಗಲು ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಬಾಯಿಬಿಡದೆ ಕುಳಿತಿದ್ದರು. ಅವರು ಮಾಡಿದ ಒಳ್ಳೆಯ ಕೆಲಸ ಅದು. ಬಾಯಿ ತೆರೆದು ಯೋಬನ ತಪ್ಪು ಹುಡುಕತೊಡಗಿದ ಮೇಲೆ ಎಲ್ಲ ಕೆಟ್ಟಿತು. ಕೊನೆಗೆ ದೇವರ ಕೋಪ ಉರಿದದ್ದು ಜಗಳವಾಡಿದ ಯೋಬನ ಮೇಲಲ್ಲ, ದೇವರ ಪರವಾಗಿ ವಕಾಲತ್ತು ಮಾಡಿದ ಆ ಸ್ನೇಹಿತರ ಮೇಲೆ.

ಇನ್ನು ನಂಬಿಕೆಯ ಕೊರತೆಯ ಮಾತು. ಶಿಲುಬೆಗೇರುವ ಹಿಂದಿನ ರಾತ್ರಿ ಗೆತ್ಸೇಮನೆ ತೋಟದಲ್ಲಿ ಯೇಸು ಮೂರು ಸಲ ಬೇಡಿಕೊಂಡನು, ಆಗುವುದಾದರೆ ಈ ಪಾತ್ರೆ ನನ್ನಿಂದ ದೂರವಾಗಲಿ ಎಂದು. ಅದು ದೂರವಾಗಲಿಲ್ಲ. ಅಪೊಸ್ತಲನಾದ ಪೌಲನೂ ತನ್ನ ಶರೀರದಲ್ಲಿ ನಾಟಿದ್ದ ಶೂಲಕ್ಕಾಗಿ ಮೂರು ಸಲ ಬೇಡಿದನು, ಶೂಲ ಹೋಗಲಿಲ್ಲ, ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬ ಉತ್ತರ ಸಿಕ್ಕಿತು. ಬೋರ್‌ವೆಲ್ಲನ್ನು ಶಿಲುಬೆಯ ಪಕ್ಕದಲ್ಲಿಟ್ಟು ತೂಗುವ ಉದ್ಧಟತನ ನನಗಿಲ್ಲ. ಆದರೂ ಒಂದು ಮಾತು ಖಂಡಿತ. ಕೇಳಿದ್ದು ಸಿಗದೆ ಬರಿಗೈಯಲ್ಲಿ ನಿಂತವನು ಕ್ರಿಸ್ತನಿಂದ ದೂರ ನಿಂತಿಲ್ಲ. ಕ್ರಿಸ್ತನು ಆ ನೆಲವನ್ನು ಮೊದಲೇ ತುಳಿದಿದ್ದಾನೆ. ದಿನನಿತ್ಯದ ನಿರಾಶೆಯಲ್ಲಿ ನಾನು ಕಾಣುವ ಆತ್ಮಿಕ ಅರ್ಥ ಇಷ್ಟೇ, ನನಗೆ ಅದು ದೊಡ್ಡದು.

ಎಮ್ಮಾಹುವಿನ ದಾರಿಯ ಕಥೆಯನ್ನು ನಾನು ಮತ್ತೆ ಮತ್ತೆ ಓದುತ್ತೇನೆ. ಸುಮಾರು ಹನ್ನೊಂದು ಕಿಲೋಮೀಟರ್ ದಾರಿ. ಯೇಸು ಶಿಲುಬೆಯಲ್ಲಿ ಸತ್ತ ದುಃಖದಲ್ಲಿ ಇಬ್ಬರು ಶಿಷ್ಯರು ಮೋರೆ ಬಾಡಿಸಿಕೊಂಡು ನಡೆಯುತ್ತಿದ್ದಾರೆ. ಸತ್ತವರೊಳಗಿಂದ ಎದ್ದು ಬಂದ ಯೇಸು ಜೊತೆಗೂಡುತ್ತಾನೆ, ಅವರಿಗೆ ಗುರುತು ಸಿಗುವುದಿಲ್ಲ. ‘ನಾನೇ’ ಎಂದು ಮೊದಲ ಹೆಜ್ಜೆಯಲ್ಲೇ ಹೇಳಿಬಿಡಬಹುದಿತ್ತು. ಹೇಳಲಿಲ್ಲ. ಏನು ಮಾತನಾಡುತ್ತಿದ್ದೀರಿ ಎಂದು ಕೇಳಿದನು. ನಡೆದದ್ದು ಗೊತ್ತಿಲ್ಲವೇ ಎಂದು ಅವರಲ್ಲೊಬ್ಬನಾದ ಕ್ಲೆಯೋಪ ಬೆರಗಾದಾಗಲೂ ‘ಏನು ನಡೆಯಿತು?’ ಎಂದು ಮತ್ತೆ ಕೇಳಿದನು. ಇಸ್ರಾಯೇಲನ್ನು ಬಿಡಿಸುವವನು ಅವನೇ ಎಂದು ನಂಬಿದ್ದೆವು ಎಂಬ ಅವರ ಮುರಿದ ಆಸೆಯನ್ನು ಅವರ ಬಾಯಿಂದಲೇ ಪೂರ್ತಿಯಾಗಿ ಕೇಳಿಸಿಕೊಂಡನು. ಗದರಿದ್ದು ನಿಜ, ಆದರೆ ಅದು ಆಮೇಲೆ. ನಾವು ಗದರಿಕೆಯಿಂದಲೇ ಆರಂಭಿಸುತ್ತೇವೆ.

ಕೋಲಾರದ ಎಪಿಎಂಸಿ ಮಾರುಕಟ್ಟೆಯಲ್ಲಿ 2023ರ ಜುಲೈನಲ್ಲಿ 15 ಕಿಲೋ ಟೊಮೆಟೊ ಬಾಕ್ಸ್ 2,000 ರೂಪಾಯಿ ದಾಟಿತ್ತು. ಆ ಬೆಲೆ ನೋಡಿ ನಾಟಿ ಮಾಡಿದವರ ಹಣ್ಣು ಬರುವಷ್ಟರಲ್ಲಿ ಬೆಲೆ ನೆಲ ಕಚ್ಚಿತ್ತು. ಬೆಲೆ ಬಂದಾಗ ಆಶೀರ್ವಾದ ಎಂದವರು, ಬಿದ್ದಾಗ ಯಾವ ಪದ ಬಳಸಬೇಕು? ದೇವರ ಒಲವನ್ನು ಮಂಡಿಯ ಚೀಟಿಯಲ್ಲಿ ಓದತೊಡಗಿದರೆ ನಮ್ಮ ನಂಬಿಕೆಯೂ ಹರಾಜಿಗೆ ಬರುತ್ತದೆ. ಪ್ರವಾದಿ ಹಬಕ್ಕೂಕನು ದ್ರಾಕ್ಷಿ ಫಲಿಸದಿದ್ದರೂ, ಹೊಲ ಬೆಳೆಯದಿದ್ದರೂ, ಕೊಟ್ಟಿಗೆಯಲ್ಲಿ ದನವಿಲ್ಲದಿದ್ದರೂ ಕರ್ತನಲ್ಲಿ ಸಂತೋಷಿಸುವೆನು ಎಂದನು. ಆ ವಾಕ್ಯವನ್ನು ಚೌಕಟ್ಟು ಹಾಕಿಸಿ ಗೋಡೆಗೆ ತೂಗುಹಾಕುವವರು ಅದು ಮೂರನೆಯ ಅಧ್ಯಾಯದ್ದೆಂಬುದನ್ನು ಮರೆಯಬಾರದು. ಮೊದಲನೆಯ ಅಧ್ಯಾಯದಲ್ಲಿ ಅವನು ‘ಎಷ್ಟು ಕಾಲ ಮೊರೆಯಿಡಲಿ, ನೀನು ಕೇಳುವುದೇ ಇಲ್ಲವಲ್ಲ’ ಎಂದು ದೇವರನ್ನೇ ದೂರಿದ್ದಾನೆ. ಆ ದೂರನ್ನು ನುಂಗಿಕೊಂಡವನಿಗೆ ಈ ಸಂತೋಷ ಬಾಯಿಪಾಠವಾಗಿ ಉಳಿಯುತ್ತದೆ.

ಸಭಾಪಾಲಕರಲ್ಲಿ, ಹಿರಿಯರಲ್ಲಿ ನನ್ನದೊಂದು ಬೇಡಿಕೆ. ಮುಂದಿನ ಭಾನುವಾರ ಸಾಕ್ಷಿಗೆ ಕರೆಯುವಾಗ, ಪ್ರಾರ್ಥಿಸಿದ್ದು ಆಗದೆ ಹೋದವರೂ ಎದ್ದು ಹೇಳಬಹುದು ಎಂದು ಬಾಯಿಬಿಟ್ಟು ಹೇಳಿ. ಯಾರಾದರೂ ಎದ್ದರೆ, ತಕ್ಷಣ ಸಮಾಧಾನದ ವಾಕ್ಯ ಹೇಳಿ ಕೂರಿಸಬೇಡಿ. 88ನೆಯ ಕೀರ್ತನೆಯನ್ನು ಓದಿ, ಅದು ಕತ್ತಲೆಯಲ್ಲೇ ಮುಗಿಯುತ್ತದೆ, ಕೊನೆಗೊಂದು ಸ್ತೋತ್ರವೂ ಇಲ್ಲ, ಆದರೂ ಅದು ಪ್ರಾರ್ಥನೆಯೇ. ಆರಾಧನೆ ಮುಗಿದ ಮೇಲೆ ಇಬ್ಬರು ಮೂವರು ಅವರ ಮನೆಗೆ ಹೋಗಿ, ಸಾಲ ಎಷ್ಟಾಗಿದೆ ಎಂದು ಕೇಳಿ.